ಮಗಳು ಡಚ್ ಪ್ರಜೆ, ನಾನು ಭಾರತದ ಪ್ರಜೆ. ಮದುವೆ ಮುರಿದರೆ ನಾನು ಇಲ್ಲಿ ಇರಬಹುದಾ?

ಧಾರವಾಡದ ಮಗಳು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ನೀವೆಲ್ಲ ಬರೆದದ್ದನ್ನು ಓದುತ್ತಿದ್ದೇನೆ, ನಾನು ಬರೆಯುತ್ತಿರುವುದು ಇದೇ ಮೊದಲು. ಊರು ಧಾರವಾಡ, ಈಗ ಇರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಮದುವೆಯಾಗಿ ಬಂದು ಐದು ವರ್ಷಕ್ಕೆ ನಾಲ್ಕು ತಿಂಗಳು ಕಮ್ಮಿ. ಗಂಡ ಹದಿನೈದು ವರ್ಷದಿಂದ ಇಲ್ಲಿದ್ದಾರೆ, ಡಚ್ ಪೌರತ್ವ ತಗೊಂಡಿದ್ದಾರೆ. ಮಗಳು ಇಲ್ಲೇ ಹುಟ್ಟಿದ್ದು. ಅಪ್ಪ ಡಚ್ ಆದ್ದರಿಂದ ಅವಳೂ ಹುಟ್ಟಿದಾಗಿನಿಂದ ಡಚ್ ಪ್ರಜೆ. ಇನ್ನೆರಡು ತಿಂಗಳಿಗೆ ನಾಲ್ಕು ತುಂಬಿ ಶಾಲೆಗೆ ಹೋಗುತ್ತಾಳೆ.

ಬೇರೆಯಾಗುವುದು ಈಗ ಖಚಿತ. ಹೊಡೆತ ಬಡಿತ ಏನೂ ಇಲ್ಲ, ಆದರೆ ಒಂದೇ ಸೂರಿನ ಕೆಳಗೆ ಇರುವ ಹಾಗೂ ಇಲ್ಲ. ಕಳೆದ ವಾರ ಅವರು ಹೇಳಿದ್ದು: "ನಿನ್ನ ಪರ್ಮಿಟ್ ನಿಂತಿರೋದು ನನ್ನ ಹೆಸರಿನ ಮೇಲೆ. ನಾನು ಒಂದು ಪತ್ರ ಹಾಕಿದ್ರೆ ಮುಗೀತು. ಮಗೂನ ನಾನು ನೋಡ್ಕೋತೀನಿ, ನೀನು ಊರಿಗೆ ಹೋಗು."

ಇದು ನಿಜವಾ? ಹೆತ್ತವಳನ್ನು ಕಳಿಸಿ ಮಗುವನ್ನು ಇಟ್ಟುಕೊಳ್ಳಬಹುದಾ? ರಾತ್ರಿ ಮಲಗಿದರೆ ಇದೇ ಯೋಚನೆ. ಒಂದೊಂದು ಸಲ, ಮಗಳನ್ನು ಎತ್ತಿಕೊಂಡು ಮೊದಲ ವಿಮಾನಕ್ಕೆ ಧಾರವಾಡಕ್ಕೆ ಹೋಗಿಬಿಡೋಣ ಅನ್ನಿಸುತ್ತದೆ. ಅವಳ ಹತ್ತಿರ ಓಸಿಐ ಕಾರ್ಡ್ ಇದೆ, ಅಂದರೆ ವೀಸಾ ಇಲ್ಲದೆ ಭಾರತಕ್ಕೆ ಬರಬಹುದು. ಗೊತ್ತಿರುವವರು ದಯವಿಟ್ಟು ಹೇಳಿ.

ಕರಾವಳಿ ಅಕ್ಕ

ತಂಗಿ, ಮೊದಲು ಒಂದು ಲೋಟ ನೀರು ಕುಡಿ. ನಿನ್ನ ಹಾಗೆಯೇ ಏಳು ವರ್ಷದ ಹಿಂದೆ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತವಳು ನಾನು, ರಾಟರ್‌ಡ್ಯಾಮ್‌ನಲ್ಲಿ. ಇವತ್ತೂ ಇಲ್ಲೇ ಇದ್ದೇನೆ, ಮಗನ ಜೊತೆ.

ವಿಮಾನದ ಯೋಚನೆ ಬಿಟ್ಟುಬಿಡು. ಇದನ್ನು ಎಲ್ಲಕ್ಕಿಂತ ಮೊದಲು ಹೇಳುತ್ತಿದ್ದೇನೆ. ಇಲ್ಲಿನ ಕಾನೂನಿನಲ್ಲಿ ಮದುವೆಯಾದ ಅಪ್ಪ ಅಮ್ಮ ಇಬ್ಬರಿಗೂ ಮಗುವಿನ ಮೇಲೆ ಸಮ ಅಧಿಕಾರ, ವಿಚ್ಛೇದನ ಆದಮೇಲೂ ಸಾಮಾನ್ಯವಾಗಿ ಅದು ಹಾಗೇ ಇರುತ್ತದೆ. ಅವರ ಒಪ್ಪಿಗೆ ಇಲ್ಲದೆ ಮಗುವನ್ನು ದೇಶದಿಂದ ಹೊರಗೆ ಕರೆದುಕೊಂಡು ಹೋದರೆ ಅದು ಅಪರಾಧ. ಮಕ್ಕಳ ಅಪಹರಣದ ಬಗ್ಗೆ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ಊರಿಗೆ ಹೋದರೆ ಬಚಾವ್ ಅಂತ ಕೆಲವರು ಕಿವಿ ಊದುತ್ತಾರೆ. ಅಂಥ ಮಾತು ಕೇಳಬೇಡ. ಈಗ ನಿನ್ನ ಕೈಯಲ್ಲಿರುವ ಬಲ ಎಂದರೆ, ದಿನಾ ಮಗುವನ್ನು ನೋಡಿಕೊಳ್ಳುತ್ತಿರುವ ಅಮ್ಮ ನೀನು ಅನ್ನುವುದು. ಹಾಗೆ ಓಡಿಹೋದರೆ ಆ ಬಲವನ್ನು ನೀನೇ ಕೈಯಾರೆ ಚೆಲ್ಲಿದ ಹಾಗೆ.

ಬ್ರಸೆಲ್ಸ್ ಕನ್ನಡಿಗ

ಕಾನೂನಿನ ಕಡೆಯಿಂದ ನಾನು ಬರೆಯುತ್ತೇನೆ. ಹತ್ತು ವರ್ಷದಿಂದ ಇದೇ ಕ್ಷೇತ್ರದಲ್ಲಿ ಕೆಲಸ. ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ ಮೇಡಂ.

ನಿಮ್ಮ ಗಂಡ ಹೇಳಿದ್ದರಲ್ಲಿ ಅರ್ಧ ನಿಜ. ಸಂಗಾತಿಯ ಪರ್ಮಿಟ್ ಸಂಬಂಧದ ಮೇಲೆ ನಿಂತಿರುತ್ತದೆ, ಸಂಬಂಧ ಮುರಿದರೆ ಅದನ್ನು ವಾಪಸ್ ಪಡೆಯಬಹುದು. ಆದರೆ "ಮಗು ಇಲ್ಲಿ, ನೀನು ಅಲ್ಲಿ" ಅನ್ನುವುದನ್ನು ಅವರೊಬ್ಬರೇ ತೀರ್ಮಾನಿಸಲು ಆಗುವುದಿಲ್ಲ.

ಕಥೆ 2011ರ ಮಾರ್ಚ್ 8ಕ್ಕೆ ಹೋಗುತ್ತದೆ. ಕೊಲಂಬಿಯಾದಿಂದ ಬೆಲ್ಜಿಯಂಗೆ ಬಂದ ಒಂದು ಕುಟುಂಬ, ರೂಯಿಸ್ ಸಾಂಬ್ರಾನೊ ಅಂತ. ಅಲ್ಲಿನ ಅಂತರ್ಯುದ್ಧಕ್ಕೆ ಹೆದರಿ ಬಂದವರು, ಆಶ್ರಯದ ಅರ್ಜಿ ತಿರಸ್ಕಾರ ಆಗಿತ್ತು. ಆಮೇಲೆ 2003ರಲ್ಲಿ ಮಗ, 2005ರಲ್ಲಿ ಮಗಳು, ಇಬ್ಬರೂ ಬೆಲ್ಜಿಯಂನಲ್ಲೇ ಹುಟ್ಟಿದರು, ಬೆಲ್ಜಿಯಂ ಪ್ರಜೆಗಳಾದರು. ಅಪ್ಪ ಪರ್ಮಿಟ್ ಇಲ್ಲದೆಯೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು, ವಿಮೆ ಕಂತು ಎಲ್ಲ ಕಟ್ಟುತ್ತಿದ್ದರು. ಕೆಲಸ ಹೋದಾಗ ನಿರುದ್ಯೋಗ ಭತ್ಯೆ ಕೇಳಿದರು, ಕೊಡಲಿಲ್ಲ. ಆ ಜಗಳ ಲಕ್ಸೆಂಬರ್ಗ್‌ನ ಯುರೋಪ್ ನ್ಯಾಯಾಲಯದ ತನಕ ಹೋಯಿತು. ಅಲ್ಲಿ ಬಂದ ತೀರ್ಪು ಏನೆಂದರೆ, ಆ ಪುಟ್ಟ ಮಕ್ಕಳು ಯುರೋಪ್ ಒಕ್ಕೂಟದ ಪ್ರಜೆಗಳು, ಅಪ್ಪ ಅಮ್ಮನನ್ನು ಹೊರಗೆ ಕಳಿಸಿದರೆ ಮಕ್ಕಳೂ ಹಿಂದೆಯೇ ಹೋಗಬೇಕಾಗುತ್ತದೆ, ಆಗ ಅವರ ಪೌರತ್ವಕ್ಕೆ ತಿರುಳೇ ಉಳಿಯುವುದಿಲ್ಲ, ಹಾಗಾಗಿ ಅಪ್ಪನಿಗೆ ಇರುವ ಹಕ್ಕೂ ಕೊಡಬೇಕು, ಕೆಲಸ ಮಾಡುವ ಹಕ್ಕೂ ಕೊಡಬೇಕು. ಒಕ್ಕೂಟದ ಮೂಲ ಒಪ್ಪಂದದ 20ನೇ ವಿಧಿ ಇದಕ್ಕೆ ಆಧಾರ.

ಇಲ್ಲಿ ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹಕ್ಕು ಮಗುವಿನದು. ಅಪ್ಪ ಅಮ್ಮನಿಗೆ ಸಿಗುವುದು ಮಗುವಿನ ಮೂಲಕ.

ಆಮೇಲೆ ದೇಶದೇಶಗಳು ಇದನ್ನು ಆದಷ್ಟು ಸಣ್ಣದು ಮಾಡಲು ನೋಡಿದವು. ನೆದರ್‌ಲ್ಯಾಂಡ್ಸ್‌ನ ವಾದ ನಿಮ್ಮ ಗಂಡನ ಮಾತೇ: ಡಚ್ ಅಪ್ಪ ಇದ್ದಾನಲ್ಲ, ಅವನು ನೋಡಿಕೊಳ್ಳಬಹುದಲ್ಲ, ಹಾಗಾದರೆ ಅಮ್ಮ ಹೋದರೂ ಮಗು ಯುರೋಪ್ ಬಿಡಬೇಕಾಗಿಲ್ಲ. ಈ ವಾದದಿಂದ ಎಷ್ಟೋ ಅಮ್ಮಂದಿರ ಅರ್ಜಿ ಬಿದ್ದುಹೋಯಿತು. ಅದರಲ್ಲಿ ಎಂಟು ಜನ ತಾಯಂದಿರ ಪ್ರಕರಣ ಒಟ್ಟಿಗೆ ಲಕ್ಸೆಂಬರ್ಗ್‌ಗೆ ಹೋಯಿತು. ಮೊದಲನೆಯವರು ವೆನೆಜುವೆಲಾದವರು, ಚಾವೇಸ್-ವಿಲ್ಚೆಸ್. ಮಗಳು 2009ರಲ್ಲಿ ಹುಟ್ಟಿದ ಡಚ್ ಪ್ರಜೆ. 2011ರಲ್ಲಿ ತಾಯಿ ಮಗು ಮನೆ ಬಿಡಬೇಕಾಗಿ ಬಂತು. ಮಗುವನ್ನು ಸಾಕುತ್ತಿದ್ದದ್ದು ಅವರೊಬ್ಬರೇ.

2017ರ ಮೇ 10ರಂದು ಬಂದ ತೀರ್ಪು ನಿಮ್ಮ ಪ್ರಶ್ನೆಗೆ ಸೀದಾ ಉತ್ತರ. ಡಚ್ ಅಪ್ಪ ನೋಡಿಕೊಳ್ಳಲು ಸಿದ್ಧನಿದ್ದಾನೆ, ಅವನಿಗೆ ಆಗುತ್ತದೆ ಅನ್ನುವುದು ಲೆಕ್ಕಕ್ಕೆ ಬರುತ್ತದೆ, ಆದರೆ ಅಷ್ಟೇ ಸಾಲದು. ಮಗುವಿನ ವಯಸ್ಸು ನೋಡಬೇಕು, ದೇಹ ಮನಸ್ಸು ಎಷ್ಟು ಬೆಳೆದಿದೆ ನೋಡಬೇಕು, ಅಪ್ಪನನ್ನು ಎಷ್ಟು ಹಚ್ಚಿಕೊಂಡಿದೆ, ಅಮ್ಮನನ್ನು ಎಷ್ಟು, ಅಮ್ಮನಿಂದ ಬೇರೆ ಮಾಡಿದರೆ ಆ ಮಗುವಿನ ಮನಸ್ಸು ಏನಾಗುತ್ತದೆ, ಇದೆಲ್ಲ ನೋಡಿಯೇ ತೀರ್ಮಾನ ಮಾಡಬೇಕು.

ಧಾರವಾಡದ ಮಗಳು

ಸರ್, ಇದನ್ನು ಮೂರು ಸಲ ಓದಿದೆ. ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಿಲ್ಲ.

ಒಂದು ಪ್ರಶ್ನೆ. ನನಗೆ ಈಗ ಕೆಲಸ ಇಲ್ಲ. ಮೊದಲು ಒಂದು ಬೇಕರಿಯಲ್ಲಿ ಪಾರ್ಟ್ ಟೈಮ್ ಮಾಡುತ್ತಿದ್ದೆ. ಆದಾಯ ತೋರಿಸಬೇಕಾ? ಮತ್ತೆ ನನ್ನ ತಂಗಿ ಆಂಟ್ವರ್ಪ್‌ನಲ್ಲಿ ಇದ್ದಾಳೆ. ಇಲ್ಲಿ ಕಷ್ಟ ಆದರೆ ಮಗಳ ಜೊತೆ ಅವಳ ಹತ್ತಿರ ಹೋಗಿ ಇರಬಹುದಾ?

ಬ್ರಸೆಲ್ಸ್ ಕನ್ನಡಿಗ

ಒಳ್ಳೆ ಪ್ರಶ್ನೆ, ಇಲ್ಲೇ ಜಾಸ್ತಿ ಜನ ಎಡವುವುದು. ಮಗು ತನ್ನದೇ ದೇಶದಲ್ಲಿ ಇದ್ದರೆ, ಅಂದರೆ ಡಚ್ ಮಗು ನೆದರ್‌ಲ್ಯಾಂಡ್ಸ್‌ನಲ್ಲಿ, 20ನೇ ವಿಧಿಯ ದಾರಿ. ಇದರಲ್ಲಿ ಆದಾಯದ ಷರತ್ತು ಇಲ್ಲ. ಕೈಯಲ್ಲಿ ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ, ಅವಲಂಬನೆ ಇದೆಯಾ ಅಂತ ನೋಡದೆ ಅರ್ಜಿ ತಳ್ಳಿಹಾಕುವ ಹಾಗಿಲ್ಲ ಅಂತ 2020ರ ಫೆಬ್ರವರಿಯಲ್ಲಿ ಸ್ಪೇನ್‌ನ ಒಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದೆ.

ಗಡಿ ದಾಟಿ ಆಂಟ್ವರ್ಪ್‌ಗೆ ಹೋದರೆ ಕಾನೂನೇ ಬೇರೆ. ಆಗ ನಿಮ್ಮ ಮಗಳು ಇನ್ನೊಂದು ಸದಸ್ಯ ದೇಶಕ್ಕೆ ಹೋದ ಪ್ರಜೆ. ಅಲ್ಲಿ ಆರೋಗ್ಯ ವಿಮೆ ಬೇಕು, ಅಲ್ಲಿನ ಸರ್ಕಾರಕ್ಕೆ ಹೊರೆಯಾಗದಷ್ಟು ಹಣ ಬೇಕು. ಅದು ಚೆನ್ ತೀರ್ಪಿನ ದಾರಿ. 2000ದಲ್ಲಿ ಬೆಲ್‌ಫಾಸ್ಟ್‌ನಲ್ಲಿ ಒಂದು ಚೀನೀ ದಂಪತಿಗೆ ಮಗು ಹುಟ್ಟಿತು. ಆಗ ಐರ್ಲೆಂಡ್ ದ್ವೀಪದಲ್ಲಿ ಎಲ್ಲಿ ಹುಟ್ಟಿದರೂ ಐರಿಶ್ ಪೌರತ್ವ ಸಿಗುತ್ತಿತ್ತು. ಅಮ್ಮ ಆ ಐರಿಶ್ ಕೂಸನ್ನು ಎತ್ತಿಕೊಂಡು ಬ್ರಿಟನ್‌ನ ಕಾರ್ಡಿಫ್‌ಗೆ ಹೋದರು, ಆಗ ಬ್ರಿಟನ್ ಕೂಡ ಒಕ್ಕೂಟದಲ್ಲಿತ್ತು. ಮಗುವಿಗೆ ವಿಮೆ ಇದೆ, ಮನೆಯಲ್ಲಿ ಹಣ ಇದೆ, ಸಾಕುವ ಅಮ್ಮನನ್ನು ಹೊರಗೆ ಹಾಕಿದರೆ ಮಗುವಿನ ಹಕ್ಕಿಗೆ ಬೆಲೆಯೇ ಇಲ್ಲ, ಆದ್ದರಿಂದ ಅಮ್ಮನೂ ಇರಬಹುದು ಅಂತ 2004ರ ಅಕ್ಟೋಬರ್ 19ಕ್ಕೆ ತೀರ್ಪಾಯಿತು.

ಹಾಗಾಗಿ ಮೇಡಂ, ತಂಗಿಯ ಮನೆಗೆ ಹೋಗಿ ಬನ್ನಿ, ಎರಡು ದಿನ ಇದ್ದು ಮನಸ್ಸು ಹಗುರ ಮಾಡಿಕೊಳ್ಳಿ. ಆದರೆ ವಿಳಾಸ ಬದಲಿಸಬೇಡಿ. ನಿಮ್ಮ ಗಟ್ಟಿ ನೆಲ ಈಗ ಇರುವ ದೇಶವೇ.

ಮೈಸೂರು ಮಲ್ಲಿಗೆ

ಐರ್ಲೆಂಡ್‌ನ ಡಬ್ಲಿನ್‌ನಿಂದ. ಚೆನ್ ವಿಷಯ ಬಂದದ್ದರಿಂದ ಹೇಳುತ್ತೇನೆ, ಈ ಹಳೇ ನಿಯಮ ಇನ್ನೂ ಇದೆ ಅಂತ ನಂಬಿ ಬರುವವರು ಇದ್ದಾರೆ. ಇಲ್ಲ. 2004ರ ಜೂನ್‌ನಲ್ಲಿ ಇಲ್ಲಿ ಜನಮತ ನಡೆಯಿತು, ಶೇಕಡಾ 79ರಷ್ಟು ಜನ ಬದಲಾವಣೆಗೆ ಹೂಂ ಅಂದರು. 2005ರ ಜನವರಿಯಿಂದ ಹುಟ್ಟಿದ ಮಾತ್ರಕ್ಕೆ ಪೌರತ್ವ ಇಲ್ಲ. ಅಪ್ಪ ಅಮ್ಮ ಇಬ್ಬರೂ ವಿದೇಶಿಯರಾದರೆ, ಮಗು ಹುಟ್ಟುವ ಮುಂಚಿನ ನಾಲ್ಕು ವರ್ಷದಲ್ಲಿ ಅವರಲ್ಲಿ ಒಬ್ಬರಾದರೂ ಮೂರು ವರ್ಷ ಇಲ್ಲಿ ಕಾನೂನುಬದ್ಧವಾಗಿ ಇದ್ದಿರಬೇಕು. ವಿದ್ಯಾರ್ಥಿ ವೀಸಾದ ದಿನಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ನಮ್ಮ ನರ್ಸ್ ಹುಡುಗಿಯರು ಇದನ್ನು ಚೆನ್ನಾಗಿ ತಿಳಿದುಕೊಂಡಿರಬೇಕು.

ಸಕಲೇಶಪುರದವ

ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲೂ ಅದೇ ಗೊಂದಲ. "ಮಗು ಮ್ಯೂನಿಕ್‌ನಲ್ಲಿ ಹುಟ್ಟಿತು, ಇನ್ನೇನು ಜರ್ಮನ್" ಅಂತ ಸಿಹಿ ಹಂಚಿದವರನ್ನು ನೋಡಿದ್ದೇನೆ. ಹಾಗಲ್ಲ. ಅಪ್ಪ ಅಥವಾ ಅಮ್ಮ ಐದು ವರ್ಷ ಇಲ್ಲಿ ಕಾನೂನುಬದ್ಧವಾಗಿ ಇದ್ದು, ಶಾಶ್ವತವಾಗಿ ಇರುವ ಹಕ್ಕೂ ಇದ್ದರೆ ಮಾತ್ರ. ಮೊದಲು ಎಂಟು ವರ್ಷ ಇತ್ತು, 2024ರ ಜೂನ್ 27ರಿಂದ ಐದು. ಇಲ್ಲದಿದ್ದರೆ ಮಗು ಭಾರತದ್ದೇ, ವರ್ಷದೊಳಗೆ ನಮ್ಮ ದೂತಾವಾಸದಲ್ಲಿ ನೋಂದಣಿ ಮಾಡಿಸಿ.

ಮಗು ಜರ್ಮನ್ ಆಗಿದ್ದರೆ ಇಲ್ಲಿನ ವಾಸದ ಕಾನೂನಿನ 28ನೇ ವಿಧಿಯೇ ಅಪ್ಪ ಅಮ್ಮನಿಗೆ ಪರ್ಮಿಟ್ ಕೊಡುತ್ತದೆ, ಮಗುವಿನ ಪಾಲನೆ ಮಾಡುತ್ತಿರಬೇಕು ಅಷ್ಟೇ, ಸಂಬಳ ಎಷ್ಟು ಅಂತ ಅಡ್ಡಿ ಮಾಡುವ ಹಾಗಿಲ್ಲ. ಲಕ್ಸೆಂಬರ್ಗ್ ತನಕ ಹೋಗಬೇಕಾಗಿ ಬರುವುದು ಕಮ್ಮಿ.

ನನ್ನದೂ ಒಂದು ಪ್ರಶ್ನೆ ಸರ್. ಮಗ ಜರ್ಮನ್. ಅವನ ಹೆಸರಿನಲ್ಲಿ ನನ್ನ ಅಮ್ಮನನ್ನು ಊರಿನಿಂದ ಇಲ್ಲಿಗೆ ಕರೆಸಿಕೊಳ್ಳಬಹುದಾ? ಅಪ್ಪ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ.

ಬ್ರಸೆಲ್ಸ್ ಕನ್ನಡಿಗ

ಸರ್, ನಿಮ್ಮ ಸಂಕಟ ಅರ್ಥ ಆಗುತ್ತದೆ, ನನ್ನ ಅಮ್ಮನೂ ಊರಿನಲ್ಲಿ ಒಬ್ಬರೇ. ಆದರೆ ಈ ದಾರಿಯಲ್ಲಿ ಆಗುವುದಿಲ್ಲ. ಅಜ್ಜಿ ಇಲ್ಲದಿದ್ದರೆ ಮೊಮ್ಮಗ ಯುರೋಪ್ ಬಿಟ್ಟೇ ಹೋಗಬೇಕು ಅನ್ನುವ ಸ್ಥಿತಿ ಇರಬೇಕು, ನಿಮ್ಮ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಇದ್ದೀರಿ. ಕುಟುಂಬ ಒಟ್ಟಿಗೆ ಇದ್ದರೆ ಚೆನ್ನ ಅನ್ನುವುದು ಸಾಲದು ಅಂತ 2011ರ ನವೆಂಬರ್‌ನಲ್ಲೇ ಆಸ್ಟ್ರಿಯಾದ ಡೆರೆಚಿ ಪ್ರಕರಣದಲ್ಲಿ ಹೇಳಿಬಿಟ್ಟರು.

ತುಮಕೂರಿನವ

ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು. ನಾನೂ ಬೇರೆಯಾದ ಅಪ್ಪ. ನಾವಿಲ್ಲಿ ಒಂದೇ ಕಡೆಯ ಮಾತು ಕೇಳಿದ್ದೇವೆ. ಆ ಅಪ್ಪನೂ ಮಗಳನ್ನು ಎದೆಗೆ ಹಚ್ಚಿಕೊಂಡು ಬೆಳೆಸಿರಬಹುದು. ಕಾನೂನು ಅಮ್ಮನಿಗೆ ಪರ್ಮಿಟ್ ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಪಡೆಯಲಿಕ್ಕೆ ಅಪ್ಪನನ್ನು ಕೆಟ್ಟವನು ಅಂತ ಕಾಗದದಲ್ಲಿ ಬರೆಯಬೇಕಾ? ನನ್ನ ವಿಷಯದಲ್ಲಿ ಹಾಗೇ ಬರೆದರು. ನಾನು ತಿಂಗಳಿಗೊಮ್ಮೆ ಮಾತ್ರ ಬರುತ್ತೇನೆ ಅಂತ. ಪ್ರತಿ ಶನಿವಾರ ಬೆಳಗ್ಗೆ ಏಳಕ್ಕೆ ರೈಲು ಹತ್ತಿ ಎರಡು ಗಂಟೆ ಪ್ರಯಾಣ ಮಾಡಿ ಹೋಗುತ್ತಿದ್ದವನು ನಾನು.

ಕರಾವಳಿ ಅಕ್ಕ

ಅಣ್ಣ, ನಿಮ್ಮ ಮಾತು ಸರಿ ಇದೆ. ನಾನು ಹೇಳಬೇಕು ಅಂದುಕೊಂಡದ್ದೂ ಅದೇ.

ನನ್ನ ಮೊದಲ ಅರ್ಜಿ ತಿರಸ್ಕಾರ ಆಯಿತು. ಯಾಕೆ ಗೊತ್ತಾ? ಆಗ ಸಿಕ್ಕಿದ ಒಬ್ಬ ಸಲಹೆಗಾರರ ಮಾತು ಕೇಳಿ ಐವತ್ತು ಪುಟ ಕಳಿಸಿದೆ, ಎಲ್ಲ ಗಂಡನ ಮೇಲಿನ ದೂರು. ಅತ್ತೆ ಏನಂದರು, ಅವರು ಯಾವಾಗ ಮನೆಗೆ ಬರಲಿಲ್ಲ, ವಾಟ್ಸಾಪ್ ಜಗಳ ಎಲ್ಲ. ಮಗನ ಬಗ್ಗೆ ಎರಡೇ ಎರಡು ಪುಟ, ಜನನ ಪ್ರಮಾಣ ಪತ್ರ, ಪಾಸ್‌ಪೋರ್ಟ್. ಉತ್ತರ ಬಂತು: ಮಗುವನ್ನು ನೀವು ನೋಡಿಕೊಳ್ಳುತ್ತೀರಿ ಅನ್ನುವುದಕ್ಕೆ ಆಧಾರ ಸಾಲದು. ಆ ಕಾಗದ ಹಿಡಿದುಕೊಂಡು ಬಸ್ ಸ್ಟಾಪಿನಲ್ಲಿ ನಿಂತಿದ್ದೆ, ಮಗ ಪಕ್ಕದಲ್ಲಿ ಬಾಳೆಹಣ್ಣು ತಿನ್ನುತ್ತಿದ್ದ, ಎರಡು ಬಸ್ ಹೋದವು ಹತ್ತಲಿಲ್ಲ.

ಎರಡನೇ ಸಲ ಸಿಕ್ಕ ವಕೀಲೆ ಆ ಐವತ್ತು ಪುಟವನ್ನು ಪಕ್ಕಕ್ಕಿಟ್ಟು, "ಇವತ್ತು ಬೆಳಗ್ಗೆ ಎದ್ದಾಗಿನಿಂದ ಮಗನ ಜೊತೆ ಏನೇನು ಮಾಡಿದೆ, ಹೇಳು" ಅಂದರು. ಅಷ್ಟೇ. ನಾನು ಹೇಳುತ್ತಾ ಹೋದೆ, ಅವರು ಬರೆದುಕೊಂಡರು. ಅದಕ್ಕೆಲ್ಲ ಒಂದೊಂದು ಕಾಗದ ಹುಡುಕಿದೆವು. ಬೆಳವಣಿಗೆಯ ಆ ಪುಟ್ಟ ಪುಸ್ತಕ ಇರುತ್ತದಲ್ಲ, ತೂಕ, ಎತ್ತರ, ಲಸಿಕೆ ಎಲ್ಲ ಬರೆಯುವುದು, ನನ್ನದರ ಮೇಲೆ ಸಾರಿನ ಕಲೆ ಬೇರೆ ಇತ್ತು, ಅದನ್ನೇ ಪುಟಪುಟ ಸ್ಕ್ಯಾನ್ ಮಾಡಿದೆವು. ಫ್ಯಾಮಿಲಿ ಡಾಕ್ಟರ್ ಹತ್ತಿರ ಮಗನನ್ನು ಕರೆತಂದವರು ಯಾರು ಅಂತ ಪತ್ರ. ಡೇಕೇರ್‌ನವರ ಆ್ಯಪ್‌ನಲ್ಲಿ ದಿನಾ ಬರುವ ಸಂದೇಶಗಳು, "ಇವತ್ತು ಊಟ ಪೂರ್ತಿ ಮಾಡಿದ, ಮಧ್ಯಾಹ್ನ ಒಂದು ಗಂಟೆ ಮಲಗಿದ" ಅಂತ, ಅದೆಲ್ಲ ನನ್ನ ಫೋನಿಗೇ ಬರುತ್ತಿದ್ದದ್ದು. ಅಪ್ಪನ ಬಗ್ಗೆ ಒಂದೇ ಸಾಲು ಬರೆದೆವು: ಭಾನುವಾರ ಬರುತ್ತಾರೆ, ಮಗನಿಗೆ ಅವರೆಂದರೆ ಇಷ್ಟ. ಸುಳ್ಳು ಬರೆಯಬೇಕಾಗಿ ಬರಲಿಲ್ಲ. ಅಪ್ಪನನ್ನು ಕಳೆದುಕೊಳ್ಳಬೇಕು ಅಂತ ಕಾನೂನು ಕೇಳುವುದೂ ಇಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ನೋಡುವುದು, ಅಮ್ಮನ ಪಾಲನೆ ಬರೀ ನೆಪಮಾತ್ರದ್ದಾ, ನಿಜವಾದದ್ದಾ ಅಂತ. ಆಕ್ಷೇಪಣೆಯಲ್ಲಿ ಗೆದ್ದೆ.

ತುಮಕೂರಿನವ

ಈ ಮಾತು ಓದಿ ಸಮಾಧಾನ ಆಯಿತು ಅಕ್ಕ. ಧಾರವಾಡದ ತಂಗಿ, ನಿಮಗೂ ಒಳ್ಳೆಯದಾಗಲಿ. ಅವರ ಹತ್ತಿರ ಮಾತಾಡಲು ಮಧ್ಯಸ್ಥರು ಯಾರಾದರೂ ಇದ್ದರೆ ಒಮ್ಮೆ ಪ್ರಯತ್ನಿಸಿ. ಇಬ್ಬರೂ ಹತ್ತಿರದಲ್ಲೇ ಇದ್ದರೆ ಮಗುವಿಗೆ ಇಬ್ಬರೂ ಸಿಗುತ್ತಾರೆ ಅಂತ ಅವರಿಗೂ ಹೊಳೆಯಬಹುದು. ನನಗೆ ಹೊಳೆಯಲು ಒಂದು ವರ್ಷ ಬೇಕಾಯಿತು.

ಬ್ರಸೆಲ್ಸ್ ಕನ್ನಡಿಗ

ಇನ್ನು ಕೆಲಸದ ಮಾತು. ಸಂಬಂಧ ಮುರಿದದ್ದನ್ನು ವಲಸೆ ಇಲಾಖೆ ಐಎನ್‌ಡಿಗೆ ನಾಲ್ಕು ವಾರದೊಳಗೆ ತಿಳಿಸಬೇಕು, ಬಚ್ಚಿಡಬೇಡಿ. ಹಳೇ ಪರ್ಮಿಟ್ ಕೈಯಲ್ಲಿ ಇರುವಾಗಲೇ ಮಗುವಿನ ಆಧಾರದ ಅರ್ಜಿ ಹಾಕಿ, ನಡುವೆ ಖಾಲಿ ಬಿಡಬೇಡಿ. ಇದನ್ನು ಅಲ್ಲಿ ಎಲ್ಲರೂ ಚಾವೇಸ್ ಅರ್ಜಿ ಅಂತಲೇ ಕರೆಯುತ್ತಾರೆ, ಹಾಗೆಂದರೆ ಸಾಕು ವಕೀಲರಿಗೆ ಅರ್ಥ ಆಗುತ್ತದೆ. ಅಕಸ್ಮಾತ್ ತಿರಸ್ಕಾರ ಆದರೆ ಆಕ್ಷೇಪಣೆಗೆ ಇರುವುದು ನಾಲ್ಕೇ ವಾರ. ದುಡ್ಡಿಲ್ಲ ಅಂತ ವಕೀಲರನ್ನು ಬಿಡಬೇಡಿ, ಆದಾಯ ಕಡಿಮೆ ಇರುವವರಿಗೆ ಸರ್ಕಾರದ ಕಾನೂನು ನೆರವು ಇದೆ, ಮೊದಲ ಸಲಹೆಯನ್ನು ಯೂರಿಡಿಸ್ ಲೊಕೆಟ್ ಎಂಬ ಕಾನೂನು ಸಲಹಾ ಕೇಂದ್ರದಲ್ಲಿ ಪುಕ್ಕಟೆ ಕೊಡುತ್ತಾರೆ. ಹಾಗೇ ಆ ನಾಲ್ಕು ತಿಂಗಳ ವಿಷಯವನ್ನೂ ವಕೀಲರ ಮುಂದಿಡಿ. ಐದು ವರ್ಷ ತುಂಬಿದರೆ ನಿಮ್ಮದೇ ಸ್ವತಂತ್ರ ಪರ್ಮಿಟ್ ಕೇಳುವ ದಾರಿ ಬೇರೆ ತೆರೆಯುತ್ತದೆ.

ಮುಂದಿನದೂ ಗೊತ್ತಿರಲಿ. ಈ ಹಕ್ಕು ಮಗುವಿನ ಮೇಲೆ ನಿಂತಿರುವುದರಿಂದ, ಮಗಳಿಗೆ ಹದಿನೆಂಟು ತುಂಬಿದ ಮೇಲೆ ಸಾಮಾನ್ಯವಾಗಿ ಉಳಿಯುವುದಿಲ್ಲ. ಅಷ್ಟರೊಳಗೆ ನಿಮ್ಮ ಕಾಲಿನ ಮೇಲೆ ನಿಲ್ಲಬೇಕು. ಘಾನಾ ದೇಶದ ಒಬ್ಬ ತಾಯಿಯ ಪ್ರಕರಣ ಇದೆ, ಮಗ ಡಚ್. ಇದು ತಾತ್ಕಾಲಿಕ ವಾಸ, ಇದರ ಮೇಲೆ ದೀರ್ಘಾವಧಿ ಹಕ್ಕು ಕೊಡಲಾಗದು ಅಂತ ಅವರಿಗೆ ಹೇಳಿದ್ದರು. ಮಗುವನ್ನು ಬೆಳೆಸಲು ಇರುವ ವಾಸ ತಾತ್ಕಾಲಿಕ ಅಲ್ಲ ಅಂತ 2022ರ ಸೆಪ್ಟೆಂಬರ್ 7ರಂದು ತೀರ್ಪು ಬಂತು. ಹಾಗಾಗಿ ಐದು ವರ್ಷ ಆದಮೇಲೆ, ಆದಾಯ ವಿಮೆ ಮುಂತಾದ ಷರತ್ತು ಪೂರೈಸಿದರೆ, ಒಕ್ಕೂಟದ ದೀರ್ಘಾವಧಿ ನಿವಾಸಿ ಆಗಬಹುದು. ಇದಕ್ಕೆ ಭಾರತದ ಪಾಸ್‌ಪೋರ್ಟ್ ಬಿಡಬೇಕಾಗಿಲ್ಲ. ಬೇಕರಿಯ ಕೆಲಸ ಮತ್ತೆ ಹಿಡಿಯಿರಿ, ಡಚ್ ಭಾಷೆ ಬಿಡಬೇಡಿ.

ಮೈಸೂರು ಮಲ್ಲಿಗೆ

ಈ ಕಾನೂನು ಕಟ್ಟಿದವರಲ್ಲಿ ನಮ್ಮವರೂ ಇದ್ದಾರೆ. ಸುರಿಂದರ್ ಸಿಂಗ್ ಅಂತ ಭಾರತದ ಪ್ರಜೆ, ಬ್ರಿಟಿಷ್ ಹೆಂಡತಿಯ ಜೊತೆ ಜರ್ಮನಿಯಲ್ಲಿ ಎರಡು ವರ್ಷ ದುಡಿದು ಇಂಗ್ಲೆಂಡಿಗೆ ವಾಪಸ್ ಬಂದವರು. ಆಮೇಲೆ ಮದುವೆ ಮುರಿಯುವ ಹಂತಕ್ಕೆ ಬಂದಾಗ ಅಲ್ಲಿನ ಸರ್ಕಾರ ಅವರನ್ನು ಹೊರಗೆ ಕಳಿಸಲು ನೋಡಿತು. ಬೇರೆ ದೇಶದಲ್ಲಿ ದುಡಿದು ತನ್ನ ದೇಶಕ್ಕೆ ಮರಳುವವರು ಸಂಗಾತಿಯನ್ನೂ ಕರೆದುಕೊಂಡು ಬರಬಹುದು ಅಂತ 1992ರ ಜುಲೈನಲ್ಲಿ ತೀರ್ಪಾಯಿತು. ಇವತ್ತಿಗೂ ಎಲ್ಲರೂ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ತಂಗಿ, ನೀನು ಯಾರ ಹತ್ತಿರವೂ ಭಿಕ್ಷೆ ಕೇಳುತ್ತಿಲ್ಲ.

ಧಾರವಾಡದ ಮಗಳು

ಐದು ವಾರ ಆದಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಹೇಳಲೇಬೇಕು ಅನ್ನಿಸಿತು.

ಕಾನೂನು ನೆರವಿನಲ್ಲಿ ವಕೀಲೆ ಸಿಕ್ಕರು. ಸಂಬಂಧ ಮುರಿದದ್ದನ್ನು ನಾನೇ ತಿಳಿಸಿದೆ. ಮೊನ್ನೆ ಸೋಮವಾರ ಅರ್ಜಿ ಹೋಯಿತು. ಅಕ್ಕ ಹೇಳಿದ ಹಾಗೆ ಒಂದು ಭಾನುವಾರ ಪೂರ್ತಿ ಕೂತು ಡೇಕೇರ್ ಸಂದೇಶಗಳನ್ನೆಲ್ಲ ತೆಗೆದೆ, 214 ಇದ್ದವು. ಓದುತ್ತಾ ಹೋದರೆ ಮಗಳ ಎರಡು ವರ್ಷ ಕಣ್ಣ ಮುಂದೆ ಬಂತು. ಮೊದಲ ವಾರ ಬಾಗಿಲ ಹತ್ತಿರವೇ ಕೂತು ಅತ್ತದ್ದು, ಆಮೇಲೆ ಅಲ್ಲಿನ ಟೀಚರ್‌ಗೆ "ಬೇಡ" ಅನ್ನುವ ಪದ ಕಲಿಸಿದ್ದು, ಅವರು ಅದನ್ನೇ ಡಚ್ ಅಕ್ಷರದಲ್ಲಿ ಬರೆದು ಕಳಿಸಿದ್ದರು. ಅದನ್ನೂ ಹಾಕಿದೆ.

ಅವರ ಜೊತೆ ಒಂದು ಸಲ ಮಾತಾಡಿದೆ, ವಕೀಲೆ ಕೂಡ ಇದ್ದರು. ಶನಿವಾರ ಭಾನುವಾರ ಮಗಳು ಅವರ ಹತ್ತಿರ ಇರಲಿ ಅಂದೆ. ಅವರು ಒಪ್ಪಿದರೋ ಬಿಟ್ಟರೋ ಇನ್ನೂ ಗೊತ್ತಿಲ್ಲ, ಆದರೆ "ನೀನು ಊರಿಗೆ ಹೋಗು" ಅನ್ನುವ ಮಾತು ಬರಲಿಲ್ಲ.

ತೀರ್ಮಾನಕ್ಕೆ ಆರು ತಿಂಗಳ ತನಕ ಆಗಬಹುದಂತೆ. ಮುಂದಿನ ವಾರ ಮಗಳ ಶಾಲೆ ಶುರು. ಶಾಲೆಗೆ ಬಿಡುವುದು ಕರೆತರುವುದು ಯಾರು ಅಂತ ಪತ್ರ ತಗೋಬೇಕಾ, ಅರ್ಜಿ ಹೋದಮೇಲೂ ಕಳಿಸಬಹುದಾ?

ಕರಾವಳಿ ಅಕ್ಕ

ಕಳಿಸಬಹುದು, ವಕೀಲೆಯ ಮೂಲಕ ಕಳಿಸು. ಒಂದು ತಿಂಗಳು ಆಗಲಿ, ಟೀಚರ್‌ಗೆ ನಿನ್ನ ಮುಖ ಪರಿಚಯ ಆಗಲಿ, ಆಮೇಲೆ ಕೇಳು. ಪತ್ರ ಡಚ್‌ನಲ್ಲೇ ಇರಲಿ, ತಾರೀಖು ಮತ್ತು ಶಾಲೆಯ ಮುದ್ರೆ ಮರೆಯಬೇಡ. ಮೊದಲ ದಿನ ಊಟದ ಡಬ್ಬಿಗೆ ಏನು ಹಾಕುತ್ತೀಯ? ನನ್ನ ಮಗ ಮೊಸರನ್ನ ಚೆಲ್ಲಿಕೊಂಡು ಬಂದಿದ್ದ, ಚಪಾತಿ ಸುರುಳಿ ಮಾಡಿ ಕೊಡು.